ಒಂಬತ್ತನೇ ತರಗತಿ ನಮ್ಮೂರಲ್ಲೇ ಆಗಲಿ

ಎಲ್ಲ ತಂದೆ ತಾಯಂದಿರಿಗೆ, ಅಜ್ಜ ಅಜ್ಜಿಯರಿಗೆ ನಮಸ್ಕಾರ.

ಈ ಪತ್ರವನ್ನು ನಿಮ್ಮ ಮಗುವಿನ ಕೈಯಲ್ಲೇ ಕೊಟ್ಟು ಕಳಿಸಿದ್ದೇನೆ. ಓದಲು ಬಾರದವರು ಬೇಜಾರು ಮಾಡಿಕೊಳ್ಳಬೇಡಿ, ಮಗುವಿನಿಂದಲೇ ಓದಿಸಿ ಕೇಳಿ. ರಾತ್ರಿ ಊಟ ಆದಮೇಲೆ ಮನೆಯವರೆಲ್ಲ ಕೂತಾಗ ಓದಿಸಿದರೆ ಇನ್ನೂ ಒಳ್ಳೇದು. ಸ್ವಲ್ಪ ಉದ್ದ ಇದೆ.

ನನ್ನ ಕೋಣೆಯ ಬೀರುವಿನಲ್ಲಿ ನಾಲ್ಕು ಟಿಸಿ, ಅಂದರೆ ವರ್ಗಾವಣೆ ಪತ್ರ ಇವೆ. ಕಳೆದ ವರ್ಷ ಎಂಟನೇ ತರಗತಿ ಮುಗಿಸಿದ ನಾಲ್ಕು ಹುಡುಗಿಯರವು. ಏಪ್ರಿಲ್‌ನಲ್ಲೇ ಬರೆದು, ಸೀಲು ಒತ್ತಿ, ಸಹಿ ಮಾಡಿ ಇಟ್ಟಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು, ಒಯ್ಯಲು ಯಾರೂ ಬರಲಿಲ್ಲ. ಟಿಸಿ ಒಯ್ಯಲಿಲ್ಲ ಅಂದರೆ ಹೈಸ್ಕೂಲಿಗೆ ಸೇರಲಿಲ್ಲ ಎಂದೇ ಅರ್ಥ. ಆ ನಾಲ್ವರಲ್ಲಿ ಒಬ್ಬಳು ಎರಡು ವರ್ಷ ನಮ್ಮ ಗೇಟಿನ ಪಕ್ಕದ ಹಲಗೆಯ ಮೇಲೆ ದಿನಾ ಸುಭಾಷಿತ ಬರೆದವಳು. ಅಕ್ಷರ ಎಷ್ಟು ದುಂಡಗೆ ಅಂತೀರಿ! ಮೊನ್ನೆ ಸಂಜೆ ಮೆಣಸಿನಕಾಯಿ ಹೊಲದಿಂದ ಬರುವ ಟಂಟಂನಲ್ಲಿ ಸಿಕ್ಕಳು. "ಬಳ್ಳು ಉರೀತಾವ್ರೀ ಅಕ್ಕೋರೇ" ಅಂತ ಕೈ ತೋರಿಸಿದಳು. ಐದೂ ಬೆರಳ ತುದಿ ಕೆಂಪಗಾಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ನಿಮ್ಮನ್ನು ದೂರುತ್ತಿಲ್ಲ. ಹೈಸ್ಕೂಲು ಇರುವುದು ಒಂಬತ್ತು ಕಿಲೋಮೀಟರ್ ದೂರದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ಅದು ನಿಜ. ಆದರೆ ಬಸ್ಸು ತುಂಬಿ ಬಂದ ದಿನ ನಮ್ಮ ಕ್ರಾಸಿನಲ್ಲಿ ನಿಲ್ಲುವುದೇ ಇಲ್ಲ. ಸಂಜೆ ಬಸ್ಸು ತಪ್ಪಿದರೆ ಟಂಟಂ, ಅದೂ ಹತ್ತು ಹದಿನೈದು ಜನರ ನಡುವೆ. ಒಬ್ಬ ತಾಯಿ ನನ್ನ ಮುಂದೆ ಕೂತು ಹೇಳಿದ್ದರು: "ಸಾಲಿ ಬ್ಯಾಡ ಅನ್ನೂದಿಲ್ರೀ ಅಕ್ಕೋರೇ, ಕತ್ತಲಾದ ಮ್ಯಾಲ ದಾರಿ ಕಾಯೂದು ಆಗೂದಿಲ್ಲ." ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಊರಲ್ಲೇ ಹೈಸ್ಕೂಲು ಆಗಬೇಕು, ಅದೊಂದೇ ಇದಕ್ಕೆ ಉತ್ತರ.

ಎಂಟನೇ ತರಗತಿಗೇ ಯಾಕೆ ಕಡಿದು ಬೀಳುತ್ತದೆ ಅಂತ ಕೆಲವರು ಕೇಳಿದ್ದೀರಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿವರೆಗೆ. ಅಲ್ಲಿಯವರೆಗೆ ಮಗು ಶಾಲೆ ಬಿಟ್ಟರೆ ನಾವು ಮನೆ ಬಾಗಿಲಿಗೆ ಬಂದು ಕೇಳಬಹುದು. ಒಂಬತ್ತಕ್ಕೆ ಆ ಕಾಯ್ದೆಯ ಬಲ ಇಲ್ಲ. 2009ರಲ್ಲೇ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದಲ್ಲಿ ಪ್ರತಿ ಊರಿಗೂ ಐದು ಕಿಲೋಮೀಟರ್ ಒಳಗೆ ಹೈಸ್ಕೂಲು ಇರಬೇಕು ಅಂತ ಗುರಿ ಇಟ್ಟುಕೊಂಡಿದ್ದರು. ಐದು ಎಲ್ಲಿ, ನಮ್ಮ ಒಂಬತ್ತು ಎಲ್ಲಿ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡುವ ಅರ್ಜಿಯ ಮೊದಲ ಸಾಲಿನಲ್ಲೇ ಇದನ್ನು ಬರೆದಿದ್ದೇನೆ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಹೈಸ್ಕೂಲು ಅಂದಕೂಡಲೇ ಎಲ್ಲರಿಗೂ ಕಟ್ಟಡವೇ ಕಣ್ಣಿಗೆ ಬರುತ್ತದೆ. ಆದರೆ ಕಟ್ಟಡಕ್ಕಿಂತ ಮುಂಚೆ ಬೇಕಾದದ್ದು ಮಕ್ಕಳ ಲೆಕ್ಕ. ನಮ್ಮ ಶಾಲೆಯನ್ನೇ ಹೈಸ್ಕೂಲಾಗಿ ಮೇಲ್ದರ್ಜೆಗೆ ಏರಿಸಲು ಮಂಜೂರಾತಿ ಸಿಕ್ಕರೆ, ಮೊದಲ ವರ್ಷ ಒಂಬತ್ತನೇ ತರಗತಿ, ಮರುವರ್ಷ ಹತ್ತನೇ ತರಗತಿ ಈಗಿರುವ ಕೋಣೆಗಳಲ್ಲೇ ಶುರು ಮಾಡಬಹುದು. ಕಟ್ಟಡ ಆಮೇಲೆ ಬಂದರೂ ನಡೆಯುತ್ತದೆ. ಮಕ್ಕಳೇ ಇಲ್ಲದ ಊರಿಗೆ ಯಾರು ಮಂಜೂರಾತಿ ಕೊಡುತ್ತಾರೆ ಹೇಳಿ? ನಮ್ಮ ಊರಿನ ಜೊತೆ ಪಕ್ಕದ ಎರಡು ಹಳ್ಳಿ, ತಾಂಡಾದ ಮಕ್ಕಳೂ ಇಲ್ಲಿಗೇ ಬರುತ್ತಾರೆ ಅಂತ ಆಯಾ ಶಾಲೆಯ ಹೆಡ್ ಮಾಸ್ತರರು ಬರೆದು ಕೊಡಬೇಕು. ಇಬ್ಬರು ಕೊಟ್ಟಿದ್ದಾರೆ. ಇನ್ನೊಬ್ಬರನ್ನು ಈ ವಾರ ಹೋಗಿ ಕಾಣುತ್ತೇನೆ.

ಈಗ ಜಾಗದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಎಡವಿದರೆ ಮುಂದಿನ ಐವತ್ತು ವರ್ಷ ಎಡವಿದ ಹಾಗೆ.

ನಮ್ಮ ಕೊಪ್ಪಳ ತಾಲ್ಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರ ಹೆಸರನ್ನು ನೀವು ಕೇಳಿರಬಹುದು. ತಮ್ಮ ಎರಡು ಎಕರೆ ಜಮೀನನ್ನು ಊರಿನ ಸರ್ಕಾರಿ ಶಾಲೆಗೆ ಕೊಟ್ಟರು. ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಮಕ್ಕಳಿಗೆ ಬಡಿಸಿದರು. 2023ರಲ್ಲಿ ಸರ್ಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಅವರ ವಿಷಯ ಕ್ಲಾಸಿನಲ್ಲಿ ಹೇಳಿದಾಗ ನಮ್ಮ ಅಡುಗೆಯವರು ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತು ಕೇಳಿದರು.

ಆದರೆ ಅಂಥ ದೊಡ್ಡ ಮನಸ್ಸನ್ನು ನಿಮ್ಮಲ್ಲಿ ಎಲ್ಲರಿಂದ ಕೇಳುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಒಂದೆರಡು ಎಕರೆ ಒಣಬೇಸಾಯದಲ್ಲಿ ಸಜ್ಜೆ, ಶೇಂಗಾ ಬೆಳೆದು ಬದುಕುವ ಮನೆಯಿಂದ ಶಾಲೆಗೆ ಜಾಗ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಅದಕ್ಕೇ ಮೊದಲು ಊರಿನ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗ ಎಷ್ಟಿದೆ, ಎಷ್ಟು ಉಳಿದಿದೆ ಅಂತ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸುತ್ತಿದ್ದೇವೆ. ಅದು ಆಗದಿದ್ದರೆ ಮಾತ್ರ ಜಾಸ್ತಿ ಜಮೀನು ಇರುವ ಮನೆಗಳಿಗೆ ಬಂದು ಕೇಳುತ್ತೇವೆ. ಒಂದು ಕುಟುಂಬ ತಾವಾಗಿಯೇ ಮುಂದೆ ಬಂದಿದೆ. ಕಾಗದ ಆಗುವವರೆಗೆ ಹೆಸರು ಹೇಳಬೇಡಿ ಅಂದಿದ್ದಾರೆ.

ಕಾಗದ ಯಾಕೆ ಇಷ್ಟು ಮುಖ್ಯ ಅಂದರೆ, ನಮ್ಮ ಶಾಲೆಯ ಆಟದ ಬಯಲನ್ನೇ ನೋಡಿ. ಹಿಂದಿನ ಕಾಲದಲ್ಲಿ ಒಬ್ಬ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗ ಅದು. ರಿಜಿಸ್ಟರ್ ಆಗಲಿಲ್ಲ, ಪಹಣಿಯಲ್ಲಿ ಇವತ್ತಿಗೂ ಅವರ ಹೆಸರೇ ಇದೆ. ಮೊಮ್ಮಕ್ಕಳ ಕಾಲಕ್ಕೆ ಪಾಲಾಗುವಾಗ ತಕರಾರು ಬಂತು. ಅವರದ್ದೂ ತಪ್ಪು ಅನ್ನಲಾರೆ, ಕಾಗದ ಅವರ ಕಡೆಗೇ ಇದೆ. ಕಾಂಪೌಂಡ್ ಕಟ್ಟಲು ಬಂದ ದುಡ್ಡು ಆ ವರ್ಷ ವಾಪಸ್ ಹೋಯಿತು.

ಹಾಗಾಗಿ ಈ ಸಲ ಯಾರೇ ಜಾಗ ಕೊಟ್ಟರೂ ಮನೆಯ ಎಲ್ಲ ಹಕ್ಕುದಾರರು ಒಪ್ಪಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ. ಪಹಣಿಯಲ್ಲಿ ಬ್ಯಾಂಕಿನ ಸಾಲದ ಬೋಜಾ ಇದ್ದರೆ ಮೊದಲು ಅದು ಇಳಿಯಬೇಕು. ಸರ್ವೆಯವರು ಬಂದು ಗಡಿ ಅಳೆದು ಹದ್ದುಬಸ್ತು ಮಾಡಿ ಕಲ್ಲು ನೆಡಬೇಕು. ಆಮೇಲೆ ಶಿಕ್ಷಣ ಇಲಾಖೆಯ ಹೆಸರಿಗೆ ದಾನಪತ್ರ ರಿಜಿಸ್ಟರ್ ಆಗಿ, ಪಹಣಿಯಲ್ಲಿ ಹೆಸರು ಬದಲಾಗಬೇಕು. ನನ್ನ ಹೆಸರಿಗಾಗಲಿ, ಯಾವ ಸಮಿತಿಯವರ ಹೆಸರಿಗಾಗಲಿ ಮಾಡಬಾರದು. ಇನ್ನೊಂದು ಮಾತು: ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಆಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವ ಹಾಗಿಲ್ಲ. ಒಳ್ಳೆ ಮನಸ್ಸಿನಿಂದ ಕೊಡಲು ಹೋಗಿ ಯಾರೂ ತೊಂದರೆಗೆ ಸಿಕ್ಕಬಾರದು.

ಜಾಗ ಸಿಕ್ಕರೂ ಮಣ್ಣು ಯಾವುದು ಅಂತ ನೋಡಬೇಕು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಕಡಲೆಗೆ, ಬಿಳಿಜೋಳಕ್ಕೆ ಅದು ಬಂಗಾರ. ಗೋಡೆಗೆ ಅಲ್ಲ. ನಮ್ಮ ಏಳನೇ ತರಗತಿ ಕೋಣೆಯೊಳಗೆ ಒಮ್ಮೆ ಬಂದು ನೋಡಿ. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಒಂದು ಬಿರುಕು ಹೋಗಿದೆ. ಬೇಸಿಗೆಯಲ್ಲಿ ಅದರೊಳಗೆ ಪೆನ್ಸಿಲ್ ಪೂರ್ತಿ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಸ್ವಲ್ಪ ಕೂಡಿಕೊಳ್ಳುತ್ತದೆ. ಮಕ್ಕಳು ಚಾಕ್‌ಪೀಸ್ ಚೂರುಗಳನ್ನು ಅಲ್ಲೇ ಬಚ್ಚಿಡುತ್ತಾರೆ. ನಾವು ಆ ಗೋಡೆಯಿಂದ ಎರಡು ಅಡಿ ಬಿಟ್ಟು ಮಕ್ಕಳನ್ನು ಕೂರಿಸುತ್ತೇವೆ. ಕೋಣೆ ಕಟ್ಟಿದವರು ಕರಿಮಣ್ಣಿನ ಮೇಲೇ ಬುನಾದಿ ಹಾಕಿ ಹೋಗಿದ್ದರು. ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆಯಲಿಲ್ಲ, ಸುತ್ತ ಬೀಮ್ ಕಟ್ಟಲಿಲ್ಲ.

ಹೊಸ ಕಟ್ಟಡಕ್ಕೆ ಎರಡು ಕಡೆ ಜಾಗ ಯೋಚನೆಯಲ್ಲಿದೆ. ಒಂದು ರಸ್ತೆ ಪಕ್ಕದ ಎರೆ, ಇನ್ನೊಂದು ಗುಡ್ಡದ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣು. ರಸ್ತೆ ಪಕ್ಕದ್ದು ನೋಡಲು ಚೆನ್ನ, ಬರುವವರಿಗೆ ಹೋಗುವವರಿಗೆ ಕಾಣುತ್ತದೆ. ನಾನು ಮಾತ್ರ ಮಸಾರಿಯೇ ಇರಲಿ ಅನ್ನುತ್ತೇನೆ. ಮಕ್ಕಳು ಹತ್ತು ನಿಮಿಷ ಜಾಸ್ತಿ ನಡೆಯಬಹುದು, ಬುನಾದಿಯ ಖರ್ಚು ಕಡಿಮೆಯಾಗಿ ಅದೇ ದುಡ್ಡಿನಲ್ಲಿ ಇನ್ನೊಂದು ಕೋಣೆ ಏಳಬಹುದು. ಬಾವಿ ತೋಡಿದ ಅನುಭವ ಇರುವ ಹಿರಿಯರು ಎಂಜಿನಿಯರ್ ಬಂದ ದಿನ ಜೊತೆಗೆ ಬನ್ನಿ. ಎಷ್ಟು ಆಳಕ್ಕೆ ಗರಸು ಸಿಗುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ದುಡ್ಡು ಎಲ್ಲಿಂದ? ಕೋಣೆಗಳಿಗೆ ಇಲಾಖೆಯ ಅನುದಾನ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದಾರಿಯೂ ಇದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಇಡೀ ರಾಜ್ಯದಲ್ಲಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತ್ತು. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಆ ಮಂಡಳಿಯ ದುಡ್ಡು ಇಂಥ ಊರಿನ ಮಕ್ಕಳಿಗೆ ಅಲ್ಲದೆ ಇನ್ಯಾರಿಗೆ? ಕಾಂಪೌಂಡ್, ಶೌಚಾಲಯ, ಆಟದ ಬಯಲಿನ ಕೆಲಸವನ್ನು ಎಷ್ಟೋ ಊರುಗಳಲ್ಲಿ ಉದ್ಯೋಗ ಖಾತ್ರಿಯಲ್ಲೇ ಮಾಡಿದ್ದಾರೆ. ಯಾವ ದಾರಿಯಲ್ಲಾದರೂ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಬರೆಸಲೇಬೇಕು. ಕಳೆದ ಗ್ರಾಮಸಭೆಗೆ ನಮ್ಮ ಪೋಷಕರಲ್ಲಿ ಬಂದವರು ಬೆರಳೆಣಿಕೆ ಜನ. ತಾಯಂದಿರು ಇಬ್ಬರೇ. ಮುಂದಿನ ಸಲ ಪಂಚಾಯಿತಿ ಕಟ್ಟೆಯ ಮೇಲೆ ಕೂರಲು ಜಾಗ ಸಾಲಬಾರದು.

ನಿಮ್ಮಿಂದ ನಗದು ಒಂದು ರೂಪಾಯಿಯೂ ಬೇಡ. ಹೈಸ್ಕೂಲು ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ನನಗೆ ಬಂದು ಹೇಳಿ. ಹಿಂದೆ ನಮ್ಮ ಉತ್ತರ ಕರ್ನಾಟಕದ ಕಡೆ ಮುಷ್ಟಿಫಂಡ್ ಅಂತ ಇತ್ತು. ಅಡುಗೆಗೆ ಹಿಟ್ಟು ತೆಗೆಯುವಾಗ ತಾಯಂದಿರು ಒಂದು ಹಿಡಿ ಬೇರೆ ಎತ್ತಿಡುತ್ತಿದ್ದರು, ಅದರಿಂದ ಬಡ ಹುಡುಗರ ಊಟ ನಡೆಯುತ್ತಿತ್ತು. ಅಂಥದ್ದು ಈಗಲೂ ಬೇಕಾದರೆ ಅದು ಹಿಟ್ಟಲ್ಲ, ನಿಮ್ಮ ಮನೆಯ ಒಂದೊಂದು ದಿನ. ಸರ್ವೆಯ ದಿನ, ಗ್ರಾಮಸಭೆಯ ದಿನ, ಬಿಇಒ ಸಾಹೇಬರು ಬರುವ ದಿನ ಮನೆಗೊಬ್ಬರು ಬನ್ನಿ. ಕೂಲಿ ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ.

ಇನ್ನೂ ಕಷ್ಟದ ಒಂದು ಮಾತಿದೆ. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಬಿಡಿಸುವಾಗ, ಸೀಡ್ಸ್ ಹೊಲದಲ್ಲಿ ಕ್ರಾಸಿಂಗ್ (ಬೀಜಕ್ಕಾಗಿ ಕೈಯಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ) ಶುರುವಾದಾಗ ನಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೇ ಜಾಸ್ತಿ. ಆರು, ಏಳು, ಎಂಟರ ಹುಡುಗಿಯರ ಸಾಲು ನೋಡಲಾಗುವುದಿಲ್ಲ. ಹೈಸ್ಕೂಲಿಗೆ ಮಕ್ಕಳಿದ್ದಾರೆ ಅಂತ ನಾನು ಬರೆದುಕೊಟ್ಟ ಮೇಲೆ ಅಧಿಕಾರಿಗಳು ಬಂದು ನೋಡುವುದು ಇದೇ ಪುಸ್ತಕವನ್ನು. ಗುಳೆ ಹೋಗುವ ಮನೆಗಳಿಗೆ ನನ್ನ ಕೋರಿಕೆ: ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ, ಹೋಗುವ ಮುಂಚೆ ನನಗೊಂದು ಮಾತು ತಿಳಿಸಿ. ಮಧ್ಯಾಹ್ನದ ಊಟ, ಹಾಲು, ಮೊಟ್ಟೆ ಶಾಲೆಯಲ್ಲಿದೆ. ಸಂಜೆ ಒಂದು ಸಲ ನಾವೇ ಮನೆ ಕಡೆ ಹೋಗಿ ನೋಡಿಕೊಂಡು ಬರುತ್ತೇವೆ. ಹುಡುಗಿಯ ಮದುವೆ ಮಾತು ಎದ್ದ ಮನೆಗಳಿದ್ದರೂ ನನ್ನ ಹತ್ತಿರ ಬನ್ನಿ, ಹದಿನೆಂಟು ತುಂಬುವ ತನಕ ಆ ಮಾತು ಬೇಡ. ಇದರಲ್ಲಿ ನಾನು ಸುಮ್ನೆ ಇರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಹೊಸ ಶಾಲೆಯ ಶೌಚಾಲಯ ಎಲ್ಲಿರಬೇಕು ಅಂತ ತಾಯಂದಿರೇ ಹೇಳಿ. ನಳದಲ್ಲಿ ನೀರು, ಒಳಗಡೆ ಚಿಲಕ, ಇವೆರಡೂ ಇಲ್ಲದ ಕಟ್ಟಡವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಬರುವ ಭಾನುವಾರ ಸಂಜೆ ಐದು ಗಂಟೆಗೆ ಶಾಲೆಯ ಬೇವಿನ ಮರದ ಕೆಳಗೆ ಸಭೆ ಇದೆ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು), ಪಂಚಾಯಿತಿ ಸದಸ್ಯರು ಇರುತ್ತಾರೆ. ಗುಡ್ಡದ ಕಡೆ ಹೊಲ ಇರುವವರು ಪಹಣಿಯ ಜೆರಾಕ್ಸ್ ತನ್ನಿ. ಈಗ ಏಳು, ಎಂಟರಲ್ಲಿ ಮಕ್ಕಳಿರುವವರು ತಪ್ಪಿಸಬೇಡಿ, ಒಂಬತ್ತಕ್ಕೆ ಇಲ್ಲೇ ಸೇರಿಸುತ್ತೇವೆ ಅಂತ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಬೇಕು.

ಆ ನಾಲ್ಕು ಟಿಸಿಗಳ ಮನೆಯವರಿಗೆ ಬೇರೆಯಾಗಿ ಹೇಳುತ್ತೇನೆ. ನಮ್ಮ ಹೈಸ್ಕೂಲು ಮಂಜೂರಾಗುವ ತನಕ ನಿಮ್ಮ ಮಕ್ಕಳು ಕಾಯುವುದು ಬೇಡ, ಅವರ ವಯಸ್ಸು ಕಾಯುವುದಿಲ್ಲ. ತಾಲ್ಲೂಕಿನ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ಗೂ ಸಮಾಜ ಕಲ್ಯಾಣ ಇಲಾಖೆಯ ಬಾಲಕಿಯರ ಹಾಸ್ಟೆಲ್‌ಗೂ ಜೂನ್‌ಗೆ ಅರ್ಜಿ ಹಾಕೋಣ. ಅರ್ಜಿ ನಾನೇ ತುಂಬಿಕೊಡುತ್ತೇನೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ನೀವು ಮಾಡಿಸಿ. ಮೊದಲ ದಿನ ಬಿಟ್ಟು ಬರಲು ನಾನೂ ಜೊತೆಗೆ ಬರುತ್ತೇನೆ. ಭಾನುವಾರ ಸಭೆಗೆ ಹುಡುಗಿಯರನ್ನೂ ಕರೆತನ್ನಿ. ಬೀರುವಿನ ಕೀಲಿ ನನ್ನ ಹತ್ತಿರವೇ ಇರುತ್ತದೆ.

ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ