ಹೋಗ್ತೀನಿ ಅಲ್ಲ, ಹೋಗಿ ಬರ್ತೀನಿ

ನಿನ್ನೆಗೆ ನನ್ನ ಮಗನ ಎಲ್‌ಕೆಜಿ ಮುಗಿಯಿತು. ಇದೇನು ದೊಡ್ಡ ಸಾಧನೆ, ಇದಕ್ಕೂ ಒಂದು ಬರಹ ಬೇಕಾ ಅಂತ ನಮ್ಮ ಮನೆಯವರು ನಕ್ಕರು. ನಗಲಿ ಬಿಡಿ. ಕಳೆದ ಜೂನ್‌ನಲ್ಲಿ ಇವರೇ ಶಾಲೆ ಗೇಟಿನ ಹೊರಗೆ ಹತ್ತು ನಿಮಿಷ ಹೆಲ್ಮೆಟ್ ತೆಗೆಯದೆ ನಿಂತಿದ್ದರು. ಸೆಕೆಯಲ್ಲಿ ಯಾಕ್ರೀ ಅದು, ತೆಗೀರಿ ಅಂದರೆ ಉತ್ತರ ಇಲ್ಲ. ಮನೆಗೆ ಬಂದು ತೆಗೆದಾಗ ಕಣ್ಣು ಕೆಂಪಗಿತ್ತು.

ಈ ಹತ್ತು ತಿಂಗಳಲ್ಲಿ ನಮ್ಮನ್ನು ದಡ ಮುಟ್ಟಿಸಿದವರು ಬಹಳ ಜನ. ಎದುರಿಗೆ ಹೇಳೋಕೆ ಹೋದರೆ "ಅದ್ರಾಗೇನೈತಿ ಬಿಡ್ರಿ" ಅಂತ ಮುಖ ತಿರುಗಿಸುತ್ತಾರೆ. ದಾವಣಗೆರೆಯವರಿಗೆ ಥ್ಯಾಂಕ್ಸ್ ಹೇಳುವುದು ಸುಲಭ ಅಲ್ಲ. ನಾವೇನು ಹೊರಗಿನೋರಾ ಅಂತ ಬೈಸಿಕೊಳ್ಳಬೇಕು. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಕಥೆ ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮೊದಲು. ಮಗನಿಗೆ ಮೂರು ತುಂಬಿದಾಗ ಒಂದು ಪ್ಲೇ ಹೋಮ್‌ಗೆ ಸೇರಿಸಿದ್ದೆವು. ಮೊದಲ ದಿನ ಅಲ್ಲಿಯವರು "ನಾವು ಗೊಂಬೆ ತೋರಿಸ್ತಿರ್ತೀವಿ, ನೀವು ಹಿಂದಿನ ಬಾಗಿಲಿಂದ ಹೋಗಿಬಿಡಿ" ಅಂದರು. ನಾನೂ ಹೋಗಿಬಿಟ್ಟೆ. ಅವರನ್ನೇ ದೂರುವುದು ಸರಿಯಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಹೆಜ್ಜೆ ಇಟ್ಟು ಹೊರಗೆ ಬಂದವಳು ನಾನೇ. ಅವತ್ತಿನಿಂದ ಅವನು ಮನೆಯಲ್ಲೂ ನನ್ನನ್ನು ಬಿಡಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು ಕರೆಯುತ್ತಿದ್ದ. ರಾತ್ರಿ ಅರೆನಿದ್ದೆಯಲ್ಲಿ ಕೈ ಚಾಚಿ ನಾನಿದ್ದೀನಾ ಅಂತ ತಡಕುತ್ತಿದ್ದ. ಹದಿನೈದೇ ದಿನಕ್ಕೆ ಬಿಡಿಸಿದೆವು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ, ಆ ಮಾತು ಬೇಡ.

ಆಮೇಲೆ ಕೈ ಹಿಡಿದವರು ನಮ್ಮ ಬೀದಿಯ ಅಂಗನವಾಡಿ ಟೀಚರ್. ನೋಡಿ, ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಗಿದ್ದು 1975ರಲ್ಲಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂತಲೇ ಅಲ್ಲಿ ಪಾಠ, ಆಟ, ಊಟ ಎಲ್ಲ ಇದೆ. ನಮ್ಮ ಮನೆಯವರೇ ಅಲ್ಲಿ ಉಂಡು ಬೆಳೆದವರು. ಆದರೂ ನಮಗೆ ಅದು ನೆನಪಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಟೀಚರ್ ನಮ್ಮ ಕಥೆ ಕೇಳಿ "ಒಂದು ವಾರ ನೀವೂ ಬಂದು ಕೂತ್ಕೊಳ್ರಿ. ಆದ್ರೆ ಅವನ್ನ ಆಡಿಸೋಕೆ ಹೋಗಬ್ಯಾಡ್ರಿ, ಮಾತಾಡಿಸಬ್ಯಾಡ್ರಿ. ಗ್ವಾಡಿ ಇದ್ದಂಗ ಇರ್ರಿ" ಅಂದರು. ಹಾಗೇ ಒಂದು ವಾರ ಗೋಡೆಯಾಗಿದ್ದೆ. ಮೊದಲು ಅವನು ನನ್ನ ತೊಡೆ ಮೇಲಿಂದ ಇಳಿಯಲಿಲ್ಲ. ಮೂರನೇ ದಿನ ಇಳಿದು, ಒಂದು ಬಣ್ಣದ ಮಣೆ ಎತ್ತಿಕೊಂಡು ಬಂದು ನನಗೆ ಕೊಟ್ಟು ಹೋದ. ಆಮೇಲೆ ನಾನು ಬಾಗಿಲ ಹತ್ತಿರ, ಆಮೇಲೆ ಹೊರಗಿನ ಕಟ್ಟೆ, ಆಮೇಲೆ ಮನೆ. ಟೀಚರ್, ನಿಮ್ಮ ಆ ಗೋಡೆ ಮಾತು ಇಲ್ಲದಿದ್ದರೆ ನಾವು ಇನ್ನೂ ಬಚ್ಚಲ ಬಾಗಿಲಲ್ಲೇ ಇರುತ್ತಿದ್ದೆವು.

ಹಾಗಿದ್ದರೂ ಜೂನ್‌ನಲ್ಲಿ ಹೊಸ ಶಾಲೆ ಅಂದಾಗ ಮತ್ತೆ ಮೊದಲಿನಿಂದ ಶುರು. ಅಂಗನವಾಡಿಯಲ್ಲಿ ಹದಿನೈದು ಮಕ್ಕಳು, ಇಲ್ಲಿ ಒಂದೇ ಸೆಕ್ಷನ್‌ನಲ್ಲಿ ಅದರ ಎರಡರಷ್ಟು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದ ಮೇಲೆ ಎಲ್‌ಕೆಜಿಗೆ 4 ತುಂಬಿರಬೇಕು. ನನ್ನ ಮಗ ಮೇ ತಿಂಗಳಲ್ಲಿ ಹುಟ್ಟಿದವನು. ಅವನ ಪಕ್ಕ ಕೂರುವ ಹುಡುಗಿ ಅವನಿಗಿಂತ ಹತ್ತು ತಿಂಗಳು ದೊಡ್ಡವಳು, ಶೂ ತಾನೇ ಹಾಕಿಕೊಳ್ಳುತ್ತಾಳೆ, ಡಬ್ಬಿ ತಾನೇ ತೆಗೆಯುತ್ತಾಳೆ. ಅವಳನ್ನು ನೋಡಿ ನಾನು ಮನೆಗೆ ಬಂದು ಮಗನಿಗೆ ಬೈಯುತ್ತಿದ್ದೆ. ನಾಲ್ಕು ವರ್ಷದ ಮಗುವಿಗೆ ಹತ್ತು ತಿಂಗಳು ಅಂದರೆ ಎಷ್ಟು ದೊಡ್ಡ ಅಂತರ ಅಂತ ಆಗ ತಲೆಗೇ ಹೋಗಲಿಲ್ಲ.

ಈಗ ಆಯಾ ಅಕ್ಕನ ವಿಷಯ. ಈ ಬರಹ ಇರುವುದೇ ಅವರಿಗೆ. ಇಷ್ಟುದ್ದ ಅವರು ಓದುವುದಿಲ್ಲ, ಮಗಳ ಕೈಲಿ ಓದಿಸಿಕೊಳ್ಳುತ್ತಾರೆ.

ಮೊದಲ ದಿನ ಬೆಳಗ್ಗೆ ಒಂಬತ್ತೂವರೆ. ಗೇಟಿನ ಹತ್ತಿರ ಅಳುವ ಮಕ್ಕಳ ಜಾತ್ರೆ. ನನ್ನ ಮಗ ನನ್ನ ವೇಲ್‌ನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದಿದ್ದ. "ಅಮ್ಮ ಇಲ್ಲೇ ಹೊರಗೆ ಕೂತಿರ್ತೀನಿ ಪುಟ್ಟಾ" ಅಂದೆ.

ಆಯಾ ಅಕ್ಕ ನನ್ನ ಮುಖ ನೋಡಿದರು. "ಕೂತಿರ್ತೀರೇನ್ರಿ?"

"ಇಲ್ಲ ಅಕ್ಕ, ಹತ್ತಕ್ಕೆ ಎಪಿಎಂಸಿಗೆ ಹೋಗ್ಬೇಕು" ಅಂದೆ, ಸಣ್ಣ ದನಿಯಲ್ಲಿ.

"ಮತ್ಯಾಕೆ ಕೂಸಿಗೆ ಸುಳ್ ಹೇಳ್ತೀರಿ? ಕಿಟಕಿಯಾಗ ನೋಡಿದ್ರೆ ನೀವ್ ಇರಲ್ಲ. ನಿಜ ಹೇಳಿ ಹೋಗ್ರಿ."

ನಾನು ಬಗ್ಗಿ "ಅಮ್ಮ ಹೋಗ್ತೀನಿ ಪುಟ್ಟಾ" ಅಂದೆ. ಅವರು ಹಣೆ ಚಚ್ಚಿಕೊಂಡರು. "ಸತ್ತ ಮನಿಯಿಂದ ಎದ್ದು ಬರೋರಂಗೆ ಹೋಗ್ತೀನಿ ಅಂತಾರೇನ್ರಿ? ಹೋಗಿ ಬರ್ತೀನಿ ಅನ್ರಿ!"

ಹುಟ್ಟಿದಾಗಿನಿಂದ ಆಡುತ್ತಿರುವ ಮಾತು. ಬೇಕಾದ ಹೊತ್ತಿಗೆ ಬಾಯಿಗೆ ಬಂದಿರಲಿಲ್ಲ. "ಹೋಗಿ ಬರ್ತೀನಿ" ಅಂದೆ. ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಅವನ ಮುಷ್ಟಿಯನ್ನು ಎಳೆಯಲಿಲ್ಲ. ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಬಿಡಿಸಿದರು. ಒಂದು. ಎರಡು. ಮೂರು. ನಾಲ್ಕು. ಹೆಬ್ಬೆರಳಿಗೆ ಬಂದು ನಿಲ್ಲಿಸಿದರು. ಅವನು ಮೂಗು ಸೋರುತ್ತಾ, ಬಿಕ್ಕುತ್ತಾ, "ಐದು" ಅಂದ. ವೇಲ್ ಬಿಟ್ಟುಹೋಯಿತು. ಆಮೇಲೆ ಜೋರು ಅಳು. ನಾನು ತಿರುಗಿ ನೋಡಬಾರದು ಅಂತ ಆಜ್ಞೆಯಾಗಿತ್ತು.

"ಅಳು ನಿಂತ ಮ್ಯಾಲೆ ಮಿಸ್ಡ್ ಕಾಲ್ ಕೊಡ್ತೀನಿ, ಎತ್ತಬ್ಯಾಡ್ರಿ" ಅಂದಿದ್ದರು. ಮೊದಲ ದಿನ ಆ ಮಿಸ್ಡ್ ಕಾಲ್ ಬಂದಿದ್ದು 10.50ಕ್ಕೆ. ಅಲ್ಲಿಯವರೆಗೆ ನಾನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕ್ವಿಂಟಲ್ ಜಾಗದಲ್ಲಿ ರೂಪಾಯಿ ಬರೆದಿದ್ದೆ. ನಾಲ್ಕನೇ ದಿನ 10.05. ಎರಡನೇ ವಾರದ ಕೊನೆಗೆ ಗುಂಡಿ ಸರ್ಕಲ್ ತಲುಪುವುದರೊಳಗೆ ಫೋನ್ ಒಂದು ಸಲ ಕೂಗಿ ಸುಮ್ಮನಾಗುತ್ತಿತ್ತು. ಒಂದು ದಿನ ಬರಲೇ ಇಲ್ಲ. ಗಾಬರಿಯಾಗಿ ನಾನೇ ಮಾಡಿದೆ. "ಇವತ್ತು ಅತ್ತೇ ಇಲ್ಲಲ್ರಿ, ಏನಂತ ಕೊಡ್ಲಿ?" ಅಂದರು.

ನಡುವೆ ಎಡವಿದ್ದೂ ಇದೆ. ಭಾನುವಾರ ಗಾಜಿನ ಮನೆಗೆ ಹೋಗಿ ಕುಣಿದು ಬಂದರೆ ಸೋಮವಾರ ಮತ್ತೆ ಮುಷ್ಟಿ ಬಿಗಿ. ಜ್ವರ ಬಂದು ನಾಲ್ಕು ದಿನ ಮನೆಯಲ್ಲಿದ್ದರೆ ಐದನೇ ದಿನ ಮತ್ತೆ ಒಂದು, ಎರಡು, ಮೂರು. ಎರಡನೇ ವಾರ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ, ಅದು ಬಿಟ್ಟು ಒಂದು ವರ್ಷವಾಗಿತ್ತು. ಮಕ್ಕಳ ಡಾಕ್ಟರ್ ಹತ್ತಿರ ಓಡಿದೆವು. ಹೊಸ ಜಾಗಕ್ಕೆ ಹೊಂದಿಕೊಳ್ಳುವಾಗ ಹೀಗಾಗುವುದು ಇದ್ದದ್ದೇ, ಬೈಯಬೇಡಿ, ಪಕ್ಕದ ಮನೆಯವರ ಮುಂದೆ ಹೇಳಿ ನಗಬೇಡಿ, ಅಷ್ಟೇ ಅಂದರು. ಮಾತ್ರೆ ಬರೆಯದೆ ಕಳಿಸಿದ ಡಾಕ್ಟರ್‌ಗೂ ಒಂದು ನಮಸ್ಕಾರ.

ಅವನ ಕ್ಲಾಸ್ ಮಿಸ್‌ಗೆ ನಾನು ಕ್ಷಮೆಯನ್ನೂ ಕೇಳಬೇಕು. ಮೊದಲ ವಾರ ಅವನು ಮನೆಗೆ ಬಂದ ತಕ್ಷಣ ಚಪ್ಪಲಿ ಸಮೇತ ಬಚ್ಚಲಿಗೆ ಓಡುತ್ತಿದ್ದ. ಮೂರು ಗಂಟೆ ಹೊತ್ತು ತಡೆದುಕೊಂಡು ಕೂತಿರುತ್ತಿದ್ದ. ಶಾಲೆಯಲ್ಲಿ ಯಾರೂ ಕಳಿಸಲಿಲ್ಲವೇನೋ ಅಂತ ಜಗಳಕ್ಕೇ ಹೋಗಿದ್ದೆ. ವಿಚಾರಿಸಿದರೆ ತಪ್ಪು ನಂದೇ. ಇಂಗ್ಲಿಷ್ ಮೀಡಿಯಂ ಅಂತ ಮೇ ತಿಂಗಳಿಡೀ ಅವನಿಗೆ 'ಮೇ ಐ ಗೋ ಟು ಟಾಯ್ಲೆಟ್ ಮಿಸ್' ಅಂತ ಉರು ಹೊಡೆಸಿದ್ದೆ. ಅದು ಪೂರ್ತಿ ಬಾಯಿಗೆ ಬಾರದೆ ಅವನು ಕೇಳುವುದನ್ನೇ ಬಿಟ್ಟಿದ್ದ. ಮಿಸ್ ಮಾರನೇ ದಿನ ಎಲ್ಲ ಮಕ್ಕಳನ್ನೂ ರೈಲು ಮಾಡಿಸಿ ಟಾಯ್ಲೆಟ್‌ಗೆ ಕರೆದುಕೊಂಡು ಹೋದರು. ಚಿಲಕ ಎಲ್ಲಿ, ನಲ್ಲಿ ಎಲ್ಲಿ ತೋರಿಸಿದರು. ಒಂದಕ್ಕೆ ಅಂದರೆ ಸಾಕು, ಬೆರಳು ತೋರಿಸಿದರೂ ಸಾಕು ಅಂದರು. ಮುಗಿಯಿತು ಸಮಸ್ಯೆ.

ಇನ್ನೊಂದೂ ಅವರಿಂದ ತಿಳಿಯಿತು. ಶಾಲೆಯಲ್ಲಿ ಜಾಣನಾಗಿದ್ದು ಮನೆಗೆ ಬಂದ ಮೇಲೆ ರೊಟ್ಟಿ ಮುರಿಯಿತು ಅಂತ ಅರ್ಧ ಗಂಟೆ ಹೊರಳಾಡಿ ಅಳುತ್ತಿದ್ದ. ನಮ್ಮ ಮುದ್ದು ಜಾಸ್ತಿಯಾಯಿತು ಅಂತ ಮನೆಯಲ್ಲೇ ಒಬ್ಬರಿಗೊಬ್ಬರು ಜಗಳ. ಬೆಳಗ್ಗೆಯೆಲ್ಲ ಒಳಗೆ ಹಿಡಿದಿಟ್ಟಿದ್ದನ್ನು ಮನೆಯಲ್ಲಲ್ಲದೆ ಇನ್ನೆಲ್ಲಿ ಬಿಡಬೇಕು ಹೇಳಿ, ಅಂದರು ಮಿಸ್. ಬಂದ ಕೂಡಲೇ ಏನು ಕಲಿತೆ, ಏನು ಬರೆದೆ ಅಂತ ಕೇಳಬೇಡಿ, ಮೊದಲು ಒಂದು ಬಾಳೆಹಣ್ಣು ಕೊಡಿ ಅಂದರು.

ಜುಲೈ ಮೀಟಿಂಗ್‌ನಲ್ಲಿ ಅವರೇ ಕೆಜಿ ಅಂದರೆ ಏನು ಅಂತ ಹೇಳಿದರು. ದಿನವಿಡೀ ಮೂಟೆಗಳ ಕೆಜಿ ಬರೆಯುವ ನನಗೆ ಅದು ತೂಕದ ಹೆಸರೇ. ಜರ್ಮನಿಯ ಫ್ರೊಬೆಲ್ ಅನ್ನುವವರು 1840ರಲ್ಲಿ ತಮ್ಮ ಮಕ್ಕಳ ಶಾಲೆಗೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರಂತೆ, ಅಂದರೆ ಮಕ್ಕಳ ತೋಟ. ಇದನ್ನು ಚನ್ನಗಿರಿ ಕಡೆ ಅಡಿಕೆ ತೋಟ ಮಾಡುವ ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದೆ. "ತೋಟ ಅಂದ್ರೆ ಮತ್ತೆ? ಸಸಿ ಬೇರು ಬಿಡ್ತೋ ಇಲ್ವೋ ಅಂತ ದಿನಾ ಕಿತ್ತು ನೋಡ್ತೀಯೇನು ನೀನು?" ಅಂದರು. ನಾನು ದಿನಾ ಕಿತ್ತು ನೋಡುತ್ತಿದ್ದೆ, ಅದು ಅವರಿಗೆ ಹೇಗೆ ಗೊತ್ತಾಯಿತೋ.

ಇನ್ನು ನಮ್ಮ ಮಾವನವರು. ಮಗುವಿಗೆ ಹನ್ನೆರಡೂವರೆ ಅಂದರೆ ಏನು ಅರ್ಥ? ಅದಕ್ಕೆ ಆಯಾ ಅಕ್ಕ ಬೇರೆ ಗಡಿಯಾರ ಕೊಟ್ಟಿದ್ದರು. ಪ್ರಾರ್ಥನೆ ಆಗುತ್ತೆ, ಡಬ್ಬಿ ತಿನ್ನುತ್ತೀಯ, ಮಿಸ್ ಕಥೆ ಹೇಳುತ್ತಾರೆ, ಗಂಟೆ ಹೊಡೆಯುತ್ತೆ, ಅಜ್ಜ ಬರುತ್ತಾನೆ. ಈ ಗಡಿಯಾರ ನಡೆಯಬೇಕಾದರೆ ಅಜ್ಜ ನಿಜವಾಗಲೂ ಬರಬೇಕಲ್ಲ. ಮಾವ ಕಾಟನ್ ಮಿಲ್‌ನಲ್ಲಿ ಸೈರನ್‌ಗೆ ಎದ್ದು ಸೈರನ್‌ಗೆ ಮಲಗಿದವರು. ಮಿಲ್ ಮುಚ್ಚಿ ಎಷ್ಟೋ ಕಾಲವಾಯಿತು, ಸೈರನ್ ಅವರ ಒಳಗೆ ಇನ್ನೂ ಕೂಗುತ್ತೆ. ಹನ್ನೆರಡಕ್ಕೇ ಮನೆ ಬಿಟ್ಟು ಕಾಲುಗಂಟೆ ಮೊದಲೇ ಗೇಟಿನ ಮುಂದಿನ ಬೇವಿನ ಮರದ ಕೆಳಗೆ ಹಾಜರು. ಒಂದೇ ಒಂದು ದಿನ ಸೈಕಲ್ ಪಂಕ್ಚರ್ ಆಗಿ ಹತ್ತು ನಿಮಿಷ ತಡವಾಯಿತು. ಆ ಹತ್ತು ನಿಮಿಷಕ್ಕೆ ನಾವು ಮೂರು ದಿನದ ಅಳು ಕಟ್ಟಿದೆವು. ಮಾವ ಮರುದಿನದಿಂದ ಸೈಕಲ್ ಬಿಟ್ಟು ನಡೆದೇ ಹೋದರು.

ನಮ್ಮ ಅಂಗಡಿ ಸಾಹುಕಾರರು ಎರಡು ವಾರ ಅರ್ಧ ಗಂಟೆ ತಡವಾಗಿ ಬರಲು ಬಿಟ್ಟರು. ಪುಣ್ಯಕ್ಕೆ ಜೂನ್ ಮೆಕ್ಕೆಜೋಳದ ಸೀಸನ್ ಅಲ್ಲ. ಅದೇ ನವೆಂಬರ್ ಆಗಿದ್ದರೆ ಬಿಡುತ್ತಿದ್ದರಾ ಅಂತ ಕೇಳಿದೆ, ನಕ್ಕು ಸುಮ್ಮನಾದರು. ಮಳೆಗಾಲದಲ್ಲಿ ಕರೆದುಕೊಂಡು ಹೋದ ಆಟೋ ಅಣ್ಣ ದಿನಾ ಅವನಿಗೆ ಅದೇ ಮೂಲೆಯ ಜಾಗ ಹಿಡಿದಿಟ್ಟರು. ಗೇಟಿನ ಬಳಿ ಸಿಕ್ಕ ಇನ್ನೊಬ್ಬ ತಾಯಿ ಡಬ್ಬಿಯ ಗುಟ್ಟು ಹೇಳಿಕೊಟ್ಟರು. ಲಾಕ್ ಇರುವ ಚಂದದ ಡಬ್ಬಿ ಬೇಡ, ಮಗುವೇ ತೆಗೆಯಬಲ್ಲ ಸ್ಟೀಲ್ ಡಬ್ಬಿ ಸಾಕು, ಒಳಗೆ ಚೆಲ್ಲಿದರೂ ಬೇಜಾರಾಗದ ತಿಂಡಿ ಹಾಕಿ ಅಂದರು. ನಾನು ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಅರ್ಧ ನೆಲಕ್ಕೆ, ಕಾಲು ಪಕ್ಕದ ಹುಡುಗಿಗೆ. ಅಲ್ಲಿಂದಲೇ ಅವರಿಬ್ಬರ ಸ್ನೇಹ ಶುರು.

ದುಗ್ಗಮ್ಮನ ಜಾತ್ರೆ ಮುಗಿದ ಮಾರನೇ ದಿನ ನನಗೆ ಭಯವೇ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು, ಮಕ್ಕಳು, ನಾಲ್ಕು ದಿನ ಶಾಲೆಯ ಮುಖ ನೋಡಿಲ್ಲ. ಗೇಟಿನ ಹತ್ತಿರ ಬಂದಾಗ ಅವನು ಅಭ್ಯಾಸಬಲದಲ್ಲಿ ನನ್ನ ವೇಲ್ ಹಿಡಿದ. ಆಯಾ ಅಕ್ಕ ಬೇರೆ ಮಗುವಿನ ಬ್ಯಾಗ್ ಸರಿಮಾಡುತ್ತಿದ್ದರು. ಇವನು ತನ್ನ ಬೆರಳು ತಾನೇ ನೋಡಿಕೊಂಡ. ಕಿರುಬೆರಳಿನಿಂದ ಶುರು ಮಾಡಿದ. ಐದಾದ ಮೇಲೆ ಓಡಿಹೋದ. ಹೋಗಿ ಬರ್ತೀನಿ ಅಂತ ನಾನು ಹೇಳಿದ್ದು ಅವನ ಬೆನ್ನಿಗೆ.

ನಿನ್ನೆ ಆಯಾ ಅಕ್ಕನಿಗೆ ಒಂದು ಸೀರೆ ತೆಗೆದುಕೊಂಡು ಹೋಗಿದ್ದೆ. ಇಷ್ಟಕ್ಕೆಲ್ಲ ಸೀರೆ ಯಾಕ್ರಿ ಅಂತ ನಾಲ್ಕು ಸಲ ಬೇಡ ಅಂದು, ಐದನೇ ಸಲ ಅಂಚು ಮುಟ್ಟಿ ನೋಡಿದರು. ಇವನು ಅವರ ಸೆರಗು ಜಗ್ಗಿ "ಹೋಗಿ ಬರ್ತೀನಿ ಆಯಾ" ಅಂದ.

"ಯಾವಾಗ ಬರ್ತೀಯಪ್ಪಾ?"

ಸ್ವಲ್ಪ ಹೊತ್ತು ಯೋಚಿಸಿದ.

"ಮಾವಿನಹಣ್ಣು ಮುಗಿದ ಮೇಲೆ."