ಬರೀ ‘ನಿಯಂತ್ರಣ ತಪ್ಪಿ’ ಅಂದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಇಳಿಜಾರಿನಲ್ಲಿ ಹುಲ್ಲು ಕತ್ತರಿಸುವಾಗ ಟ್ರ್ಯಾಕ್ಟರ್ ಮಗುಚಿತು, ಓಡಿಸುತ್ತಿದ್ದವರು ಅಡಿಗೆ ಸಿಕ್ಕಿ ತೀರಿಕೊಂಡರು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಒಳಪುಟದಲ್ಲಿ ನಾಲ್ಕೈದು ಸಾಲು, ಅಷ್ಟೇ. ಪ್ರತಿ ಸಲವೂ ‘ನಿಯಂತ್ರಣ ತಪ್ಪಿ’ ಎಂಬ ಎರಡು ಪದ ಇದ್ದೇ ಇರುತ್ತವೆ. ಓದಿದವರು ‘ಅಯ್ಯೋ ಪಾಪ, ಹಣೆಬರಹ’ ಅಂದುಕೊಂಡು ಪುಟ ತಿರುವುತ್ತಾರೆ. ವರ್ಷಗಟ್ಟಲೆ ಗುಡ್ಡದ ಮೇಲೆ ಹುಲ್ಲು ಕತ್ತರಿಸುವ ಮೋವರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಓಡಿಸಿದ ನನಗೆ ಆ ಎರಡು ಪದ ಸಾಲುವುದಿಲ್ಲ. ನಿಯಂತ್ರಣ ಸುಮ್ನೆ ತಪ್ಪುವುದಿಲ್ಲ. ಸೀಟಿನ ಹಿಂದಿನ ರೋಲ್ ಬಾರ್, ಅಂದರೆ ಗಾಡಿ ಮಗುಚಿದರೆ ಓಡಿಸುವವರನ್ನು ಕಾಪಾಡುವ ಕಮಾನು, ನೆಟ್ಟಗೆ ನಿಂತಿತ್ತೇ? ಅವರು ಬೆಲ್ಟ್ ಹಾಕಿದ್ದರೇ? ಇದನ್ನೂ ಬರೆಯಿರಿ ಅಂತ ಕೇಳಿಕೊಳ್ಳಲು ಈ ಪತ್ರ.

ನನಗೇ ಆದದ್ದನ್ನು ಹೇಳುತ್ತೇನೆ. ಒಂದು ದಿನ ಬಿಸಿಲೇರುವ ಮೊದಲೇ ಕೆಲಸ ಮುಗಿಸೋಣ ಅಂತ ಹೊರಟಿದ್ದೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಎಷ್ಟೋ ಸಲ ಕತ್ತರಿಸಿದ ಜಾಗ, ಹಾಗಾಗಿ ಧೈರ್ಯ ಜಾಸ್ತಿ. ಇಳಿಜಾರಿಗೆ ಅಡ್ಡಲಾಗಿ ಹೋಗುತ್ತಿದ್ದೆ. ಮೇಲ್ಗಡೆಯ ಹಿಂದಿನ ಚಕ್ರ ಹುಲ್ಲಿನ ಮರೆಯಲ್ಲಿದ್ದ ಒಂದು ಕಲ್ಲನ್ನು ಹತ್ತಿತು. ಒಂದೇ ಕೈಯಲ್ಲಿ ಎತ್ತಿ ಬಿಸಾಡಬಹುದಾದ ಕಲ್ಲು. ಅದೇ ಹೊತ್ತಿಗೆ ಕೆಳಗಡೆಯ ಚಕ್ರ ಹೆಗ್ಗಣದ ಬಿಲದ ಸಡಿಲ ಮಣ್ಣಿಗೆ ಕುಸಿಯಿತು. ಸೀಟು ವಾಲಿತು. ಮೇಲಿನ ಚಕ್ರ ನೆಲ ಬಿಟ್ಟು ಗಿರ್ರನೆ ತಿರುಗತೊಡಗಿತು. ಟಯರಿನ ಸಂದಿಯಲ್ಲಿದ್ದ ಒದ್ದೆ ಮಣ್ಣು ಮಡ್‌ಗಾರ್ಡಿಗೆ ಪಟಪಟ ಬಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಏನು ತೋಚಿತೋ, ಸ್ಟಿಯರಿಂಗನ್ನು ಇಳಿಜಾರಿನ ಕಡೆಗೆ ತಿರುಗಿಸಿದೆ. ಗಾಡಿ ಧಡ್ ಅಂತ ನಾಲ್ಕೂ ಚಕ್ರದ ಮೇಲೆ ಕೂತಿತು.

ಅವತ್ತು ರೋಲ್ ಬಾರ್ ಮಡಚಿತ್ತು. ಯಾವತ್ತೋ ಮರದ ಕೊಂಬೆಗೆ ತಾಗುತ್ತದೆ ಅಂತ ಮಡಚಿದ್ದೆ, ಮತ್ತೆ ಎತ್ತಿ ನಿಲ್ಲಿಸಿರಲಿಲ್ಲ. ಬೆಲ್ಟು ಸೀಟಿನ ಹಿಂದೆ ಧೂಳು ತಿನ್ನುತ್ತಾ ಬಿದ್ದಿತ್ತು. ಗಾಡಿ ಮಗುಚಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ.

‘ವಾಲಿದರೆ ಹಾರಿಬಿಡ್ತೀನಿ’ ಅಂತ ಹೇಳುವವರು ಬಹಳ ಜನ ಇದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದವನು. ಆದರೆ ಹಾರಲು ಹೊತ್ತೇ ಇರುವುದಿಲ್ಲ. ಏರು ಹತ್ತುವಾಗ ಕ್ಲಚ್ಚನ್ನು ಗಬಕ್ಕನೆ ಬಿಟ್ಟರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಅದನ್ನು ಮತ್ತೆ ಕೆಳಗಿಳಿಸಲಾಗದ ಹಂತ ದಾಟಿರುತ್ತದೆ. ಒಂದೂವರೆ ಸೆಕೆಂಡಿಗೆ ಪೂರ್ತಿ ಹಿಂದಕ್ಕೆ ಮಗುಚಿರುತ್ತದೆ. ಏನಾಗ್ತಿದೆ ಅಂತ ತಲೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಪಕ್ಕಕ್ಕೆ ಮಗುಚಿದರೂ ಅಷ್ಟೇ. ಹಾರುವವರು ಸಾಮಾನ್ಯವಾಗಿ ಹಾರುವುದು ಇಳಿಜಾರಿನ ಕಡೆಗೆ. ಟ್ರ್ಯಾಕ್ಟರ್ ಬೀಳುವುದೂ ಅದೇ ಕಡೆಗೆ.

ಬಾರ್ ಮತ್ತು ಬೆಲ್ಟ್ ಎರಡೂ ಜೊತೆಗೇ ಬೇಕು. ಬಾರ್ ನಿಂತಿದ್ದರೆ ಮಗುಚಿದ ಟ್ರ್ಯಾಕ್ಟರ್ ಅದರ ಮೇಲೆ ನಿಂತು ಸೀಟಿನ ಸುತ್ತ ಜಾಗ ಉಳಿಯುತ್ತದೆ. ಬೆಲ್ಟ್ ನಮ್ಮನ್ನು ಆ ಜಾಗದೊಳಗೇ ಹಿಡಿದಿಡುತ್ತದೆ. ಬೆಲ್ಟ್ ಇಲ್ಲದಿದ್ದರೆ ಹೊರಕ್ಕೆ ಎಸೆಯಲ್ಪಟ್ಟು ಆ ಬಾರಿನ ಅಡಿಗೇ ಬೀಳಬಹುದು. ಇನ್ನೊಂದು ಮಾತು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೇಲಿನ ಕೊಂಬೆಗೆ ತಾಗುವಂಥ ಜಾಗ ದಾಟಲು ಬಾರ್ ಮಡಚಲೇಬೇಕಾಗಿ ಬಂದಾಗ ಬೆಲ್ಟ್ ಹಾಕಬಾರದು, ಯಾಕೆಂದರೆ ಆಗ ಅದು ನಮ್ಮನ್ನು ಟ್ರ್ಯಾಕ್ಟರಿಗೇ ಕಟ್ಟಿಹಾಕುತ್ತದೆ. ಆ ಜಾಗ ದಾಟಿದ ತಕ್ಷಣ ಬಾರ್ ಎತ್ತಿ, ಪಿನ್ ಹಾಕಿ, ಬೆಲ್ಟ್ ಬಿಗಿದುಕೊಳ್ಳಬೇಕು.

ಸ್ವೀಡನ್ನಿನಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಬಾರಿನಂಥ ರಕ್ಷಣೆ ಇರಲೇಬೇಕು ಅಂತ 1959ರಲ್ಲೇ ಕಡ್ಡಾಯ ಮಾಡಿದರು. ಮುಂದಿನ ದಶಕಗಳಲ್ಲಿ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ತೀರಾ ಇಳಿಯಿತು. ಅಮೆರಿಕದಲ್ಲಿ 1976ರ ಅಕ್ಟೋಬರ್ ನಂತರ ತಯಾರಾದ, ಕೆಲಸದವರು ಓಡಿಸುವ ಟ್ರ್ಯಾಕ್ಟರುಗಳಿಗೆ ಈ ನಿಯಮ ಬಂತು. ಮನೆಯವರೇ ಓಡಿಸುವ ಟ್ರ್ಯಾಕ್ಟರ್ ಮಾತ್ರ ಹೊರಗುಳಿಯಿತು. ಮನೆಯವರ ಜೀವಕ್ಕೆ ಬೆಲೆ ಕಡಿಮೆಯೇ?

ಓಡಿಸುವ ಬಗೆಯ ಮಾತಿಗೆ ಬರುತ್ತೇನೆ. ಟ್ರ್ಯಾಕ್ಟರಿನ ಭಾರ ನೆಲದಿಂದ ಎತ್ತರದಲ್ಲಿರುತ್ತದೆ. ಅಡ್ಡಲಾಗಿ ಹೋದರೆ ಆ ಭಾರವೆಲ್ಲ ಕೆಳಗಿನ ಚಕ್ರದ ಕಡೆ ವಾಲುತ್ತದೆ. ಹಾಗಾಗಿ ಕಡಿದಾದ ಕಡೆ ಅಡ್ಡ ಬೇಡ, ಮೇಲಿಂದ ಕೆಳಕ್ಕೆ ಇಳಿಯುತ್ತಾ ಕತ್ತರಿಸಬೇಕು. ಮತ್ತೆ ಮೇಲೆ ಹೋಗಲು ಬೇರೆ ಸಲೀಸಾದ ದಾರಿ ಇದ್ದರೆ ಅದೇ ಒಳ್ಳೆಯದು. ಇಲ್ಲವಾದರೆ ಬ್ಲೇಡ್ ನಿಲ್ಲಿಸಿ ರಿವರ್ಸಿನಲ್ಲಿ ಹತ್ತುವುದು ವಾಸಿ. ಭಾರವಾದ ಮೂತಿ ಕೆಳಗಡೆ ಇರುವುದರಿಂದ ಅದು ಮೇಲೇಳುವ ಭಯ ಇಲ್ಲ. ಸ್ವಲ್ಪ ದೂರ ಅಡ್ಡ ಹೋಗಲೇಬೇಕಾದರೆ ಮೋವರನ್ನು ನೆಲಕ್ಕೆ ಹತ್ತಿರ ಇಟ್ಟುಕೊಂಡು ನಿಧಾನ ಹೋಗಬೇಕು, ತಿರುಗುವಾಗ ಏರಿನ ಕಡೆಗಲ್ಲ, ಇಳಿಜಾರಿನ ಕಡೆಗೆ ತಿರುಗಬೇಕು. ವೇಗ ಎರಡು ಪಟ್ಟಾದರೆ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಇಳಿಯುವಾಗಿನ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗೇರ್ ತೆಗೆದು ನ್ಯೂಟ್ರಲ್ಲಿನಲ್ಲಿ ಬಿಡುವುದು, ಇಲ್ಲವೇ ಕ್ಲಚ್ ತುಳಿದುಕೊಂಡೇ ಇಳಿಯುವುದು. ಹಾಗೆ ಮಾಡಿದ ಕೂಡಲೇ ಇಂಜಿನ್ನಿನ ಹಿಡಿತ ಹೋಗುತ್ತದೆ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರವಾಗಿರುತ್ತದೆ, ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಆ ಹಿಂದಿನ ಚಕ್ರಗಳಿಗೇ. ಒದ್ದೆ ಹುಲ್ಲಿನ ಮೇಲೆ ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಟ್ರ್ಯಾಕ್ಟರ್ ಮಾತ್ರ ಜಾರುತ್ತಲೇ ಇರುತ್ತದೆ. ಇಳಿಯುವ ಮೊದಲೇ ಲೋ ಗೇರಿಗೆ ಹಾಕಿ, ಇಂಜಿನ್ನೇ ತಡೆಹಿಡಿಯುವಂತೆ ಇಳಿಯಬೇಕು. ನಡುವೆ ಗೇರ್ ಬದಲಿಸಬಾರದು. ಫೋರ್ ವೀಲ್ ಇದ್ದರೆ ಹಾಕಿಕೊಳ್ಳಿ, ಆಗ ಮುಂದಿನ ಚಕ್ರಗಳಿಗೂ ಇಂಜಿನ್ನಿನ ಹಿಡಿತ ಸಿಗುತ್ತದೆ. ಎಡ ಬಲದ ಎರಡು ಬ್ರೇಕ್ ಪೆಡಲುಗಳನ್ನೂ ಸೇರಿಸಿ ಕೊಂಡಿ ಹಾಕಿರಬೇಕು. ಒಂದೇ ಪೆಡಲ್ ಕಾಲಿಗೆ ಸಿಕ್ಕಿದರೆ ಒಂದೇ ಚಕ್ರ ಹಿಡಿದು ಗಾಡಿ ಗಿರಕಿ ಹೊಡೆಯುತ್ತದೆ.

ಕೆಲಸ ಶುರು ಮಾಡುವ ಮುಂಚೆ ಒಮ್ಮೆ ಆ ಜಾಗವನ್ನು ನಡೆದು ನೋಡಬೇಕು. ಕಲ್ಲು, ಬೊಡ್ಡೆ, ಬಿಲ ಎಲ್ಲಿದೆ ಅಂತ ಹುಲ್ಲು ತಾನಾಗಿ ಹೇಳುವುದಿಲ್ಲ. ಸಿಕ್ಕ ಕಡೆಯಲ್ಲೆಲ್ಲ ಒಂದು ಕೋಲು ನೆಟ್ಟರಾಯಿತು. ಹಳ್ಳದ ಅಂಚಿನಿಂದ ಕಡಿಮೆಯೆಂದರೂ ಹಳ್ಳ ಎಷ್ಟು ಆಳವೋ ಅಷ್ಟು ದೂರ ಇರಬೇಕು, ದಡದ ಮಣ್ಣು ಭಾರಕ್ಕೆ ಕುಸಿಯುತ್ತದೆ. ಮೋವರಿಗೆ ಹುಲ್ಲು ಸಿಕ್ಕಿಕೊಂಡರೆ ಸಮತಟ್ಟಿಗೆ ಬಂದು, ಇಂಜಿನ್ ನಿಲ್ಲಿಸಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಕೈ ಹಾಕಿ. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ಶಾಫ್ಟ್ (ಇಂಜಿನ್ನಿನ ಶಕ್ತಿಯನ್ನು ಮೋವರಿಗೆ ಮುಟ್ಟಿಸುವ ದಂಡ) ಅಂದರೆ ಸೆಕೆಂಡಿಗೆ 9 ಸುತ್ತು. ಅಂಗಿಯ ತೋಳು ಸಿಕ್ಕಿದರೆ ಎಳೆದುಕೊಳ್ಳಲು ಆಗುವುದಿಲ್ಲ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಬೇಡ.

ಕೆಲವು ಗುಡ್ಡಗಳಿಗೆ ಟ್ರ್ಯಾಕ್ಟರ್ ಇಳಿಸಲೇಬಾರದು. ಕೂತು ಓಡಿಸುವ ಸಣ್ಣ ಮೋವರುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 15 ಡಿಗ್ರಿಗಿಂತ ಜಾಸ್ತಿ ಇಳಿಜಾರು ಬೇಡ ಅಂತ ಇರುತ್ತದೆ. ನಿಮ್ಮ ಟ್ರ್ಯಾಕ್ಟರಿನ ಮಿತಿ ಏನು ಅಂತ ಅದರ ಕೈಪಿಡಿ ನೋಡಿ. ಅಳೆಯುವುದು ಕಷ್ಟ ಏನಲ್ಲ. ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ಇಳಿಜಾರಿನ ನೆಲಕ್ಕೆ ತಾಗಿಸಿ, ಪಟ್ಟಿಯನ್ನು ಮಟ್ಟಸವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಸುಮಾರು 27 ಸೆಂಟಿಮೀಟರ್ ಇದ್ದರೆ ಅದು 15 ಡಿಗ್ರಿ. ತೀರಾ ಕಡಿದಾದ ತುಂಡುಗಳನ್ನು ಕೈಯಲ್ಲಿ ಹಿಡಿಯುವ ಬ್ರಷ್ ಕಟರ್ ಯಂತ್ರದಿಂದ ನಿಂತುಕೊಂಡು ಕತ್ತರಿಸಿದರೆ ಅರ್ಧ ದಿನ ಜಾಸ್ತಿ ಹಿಡಿಯಬಹುದು. ಹಿಡಿಯಲಿ ಬಿಡಿ.

ಸಂಪಾದಕರೇ, ದುಃಖದಲ್ಲಿರುವ ಮನೆಯವರ ಹತ್ತಿರ ಇದನ್ನೆಲ್ಲ ಕೇಳುವುದು ಕಷ್ಟ ಅಂತ ನನಗೆ ಗೊತ್ತು. ಆದರೆ ಸ್ಥಳಕ್ಕೆ ಹೋದ ಪೊಲೀಸರನ್ನು ಕೇಳಬಹುದಲ್ವಾ? ಬಾರ್ ನಿಂತಿತ್ತೇ, ಬೆಲ್ಟ್ ಹಾಕಿದ್ದರೇ, ನೆಲ ಒದ್ದೆಯಿತ್ತೇ. ಆ ನಾಲ್ಕೈದು ಸಾಲಿನ ಕೆಳಗೆ ಇದೊಂದು ಸಾಲು ಸೇರಿಸಿ. ಓದಿದ ಯಾರೋ ಒಬ್ಬರು ಪತ್ರಿಕೆ ಕೆಳಗಿಟ್ಟು ಎದ್ದು ಹೋಗಿ, ಮಡಚಿಟ್ಟ ಬಾರನ್ನು ಎತ್ತಿ ನಿಲ್ಲಿಸಿ ಪಿನ್ ಹಾಕಿಯಾರು.

ಇಂತಿ,
ನಿಮ್ಮ ಓದುಗ, ಒಬ್ಬ ಟ್ರ್ಯಾಕ್ಟರ್ ಚಾಲಕ