ಮೈಸೂರು ಸೀಮೆಯ ಉಕ್ಕಿಗೆ ಮತ್ತೆ ಕುಲುಮೆ ಬೇಕು

ಮಾನ್ಯ ಸಂಪಾದಕರೇ,

ಆಯುಧಪೂಜೆಯಂದು ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ಸಲ್ಲುವುದನ್ನು ನಾವು ಪ್ರತಿ ವರ್ಷವೂ ಭಕ್ತಿಯಿಂದ ನೋಡುತ್ತೇವೆ. ಟಿಪ್ಪು ಸುಲ್ತಾನನ ಕತ್ತಿಯೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾದಾಗ ಶ್ರೀರಂಗಪಟ್ಟಣದ ಹೆಸರು ಜಗತ್ತಿನ ಬಾಯಲ್ಲೆಲ್ಲ ಬಂತು. ಆದರೆ ನಮ್ಮ ಸೀಮೆಯ ಹೆಸರಾಂತ ಉಕ್ಕನ್ನು ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಕರಗಿಸಿ, ಅದರ ಹದವರಿತು ಬಡಿದು ಅಲಗು ಮಾಡಬಲ್ಲ ಕುಲುಮೆ ಒಂದನ್ನೂ ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ನಾನು ಕಂಡಿಲ್ಲ. ಕಮ್ಮಾರನ ಮಗನಾದ ನನಗೆ ಇದು ಬಹಳ ದಿನಗಳಿಂದ ನೋವಿನ ಸಂಗತಿಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಯುರೋಪಿನವರು ‘ವೂಟ್ಜ್’ ಎಂದು ಕರೆದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಜನ ಉಕ್ಕು ಮಾಡುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಗೆ ಹಾಕಿ, ಜೊತೆಗೆ ತಂಗಡಿ ಅಥವಾ ಆವರಿಕೆ ಎಂದು ನಾವು ಕರೆಯುವ ಗಿಡದ ಕಡ್ಡಿಯನ್ನೂ ಬೇರೊಂದು ಬಳ್ಳಿಯ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಗಳು ಸುಟ್ಟು ಕೊಟ್ಟ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಕರಗಿ ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ವಾದ್ಯಗಾರರಿಂದ ದೂರದೂರಿನಲ್ಲೂ ಬೇಡಿಕೆಯಿತ್ತೆಂದೂ ಅವನೇ ದಾಖಲಿಸಿದ್ದಾನೆ. ವೀಣೆಯ ಊರೆನಿಸಿದ ಮೈಸೂರಿನಲ್ಲಿ ಈ ಮಾತು ಎಷ್ಟು ಜನಕ್ಕೆ ಗೊತ್ತಿದೆಯೋ!

ಈ ವಿದ್ಯೆ ಯಾವುದೋ ಗುಪ್ತ ಸೂತ್ರವಾಗಿದ್ದು, ಅದನ್ನು ಬಲ್ಲವರೊಂದಿಗೇ ಮಣ್ಣಾಯಿತೆಂಬ ನಂಬಿಕೆ ಜನರಲ್ಲಿದೆ. ಅದು ಸರಿಯಲ್ಲ. 19ನೇ ಶತಮಾನದ ಆರಂಭದಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೇ ಈ ಉಕ್ಕಿನ ಮರ್ಮವನ್ನು ಅರಸಿ ಪ್ರಯೋಗ ನಡೆಸಿದ. ಆದರೆ ಯುರೋಪಿನ ಕಮ್ಮಾರರ ಕೈಯಲ್ಲಿ ಈ ಉಕ್ಕು ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುತ್ತಿತ್ತು. ಅದರಲ್ಲಿ ಇಂಗಾಲ ಶೇಕಡಾ ಒಂದೂವರೆಯ ಆಸುಪಾಸಿನಲ್ಲಿರುವುದರಿಂದ, ತಮ್ಮ ಮೆದು ಕಬ್ಬಿಣಕ್ಕೆ ಕೊಡುತ್ತಿದ್ದ ಬಿಳಿ ಕಾವನ್ನು ಅದು ತಾಳದು ಎಂಬುದು ಅವರಿಗೆ ತಿಳಿದಿರಲಿಲ್ಲ. ಕಾದ ಕಬ್ಬಿಣವನ್ನೇ ಬಡಿಯಬೇಕೆಂದು ಎಲ್ಲರೂ ಹೇಳುತ್ತೇವೆ. ಎಷ್ಟು ಕಾದಾಗ ಎಂಬುದರಲ್ಲೇ ಕಸುಬು ಇರುವುದು. ನಮ್ಮ ತಂದೆಯವರು ಕಬ್ಬು ಕಡಿಯುವ ಮಚ್ಚಿಗೂ ಕುಡುಗೋಲಿಗೂ ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಬಳಸುತ್ತಿದ್ದರು, ಅದು ಮುತ್ತುಗದ ಹೂವಿನ ಬಣ್ಣಕ್ಕೆ ಬರುವ ತನಕ ತಿದಿಯೊತ್ತುವವನ ಕೈ ನಿಲ್ಲಗೊಡುತ್ತಿರಲಿಲ್ಲ, ಆ ಬಣ್ಣ ದಾಟಿದರೆ ಅಡಿಗಲ್ಲಿನ ಮೇಲೆ ಇಡಲೂ ಬಿಡುತ್ತಿರಲಿಲ್ಲ. ಆ ಕಣ್ಣು ಇರುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಆದರೆ ಬಹಳ ಕಾಲ ಇರುವವರಲ್ಲ.

ಉಳಿದ ಅರ್ಧವನ್ನು ಪ್ರಯೋಗಾಲಯ ತಿಳಿಸಿಕೊಟ್ಟಿದೆ. ಅಮೆರಿಕದ ಲೋಹಶಾಸ್ತ್ರಜ್ಞ ವೆರ್‌ಹೋವನ್ ಮತ್ತು ಕಮ್ಮಾರ ಪೆಂಡ್ರೆ ಜೊತೆಗೂಡಿ ಹಳೆಯ ಅಲಗುಗಳನ್ನು ಪರೀಕ್ಷಿಸಿ, ಹೊಸದಾಗಿ ತಾವೇ ಮಾಡಿಯೂ ನೋಡಿ, ಅದಿರಿನೊಂದಿಗೆ ಬಂದ ವನೇಡಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಾಕು, ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಕಾರ್ಬೈಡಿನ (ಕಬ್ಬಿಣ, ಇಂಗಾಲ ಕೂಡಿದ ಗಡಸು ವಸ್ತುವಿನ) ಕಣಗಳು ಸಾಲುಗಟ್ಟಿ ಅಲೆಯಂಥ ಗೆರೆಗಳು ಮೂಡುತ್ತವೆ ಎಂದು 1998ರಲ್ಲಿ ಪ್ರಕಟಿಸಿದರು. ಅಂಥ ಅದಿರು ಸಿಗದೆ ಹೋದದ್ದೂ ಈ ವಿದ್ಯೆ ನಿಲ್ಲಲು ಒಂದು ಕಾರಣವಿರಬಹುದೆಂಬುದು ಅವರ ಊಹೆ. ಶಾಸ್ತ್ರ ಓದಿದವನೂ ಕುಲುಮೆಯವನೂ ಒಂದೇ ಬೆಂಕಿಯ ಮುಂದೆ ಕುಳಿತದ್ದರಿಂದ ಆದ ಕೆಲಸವಿದು ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಗಮನಿಸಬೇಕು.

ಇನ್ನೊಂದು ಮಾತು. ಇಂಥ ಅಲೆಗೆರೆಯ ಹಳೆಯ ಅಲಗುಗಳಿಗೆ ಯುರೋಪಿನವರು ಕೊಟ್ಟ ‘ದಮಾಸ್ಕಸ್’ ಎಂಬ ಹೆಸರಿನಲ್ಲಿ ಈಗ ಆನ್‌ಲೈನ್‌ನಲ್ಲಿ ಮಾರುವ ಚಾಕುಗಳಲ್ಲಿ ಹೆಚ್ಚಿನವು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಿಂದ ಗೆರೆ ಎಬ್ಬಿಸಿದವು. ಅದೂ ಶ್ರಮದ ಕಸುಬೇ. ಆದರೆ ಮೂಸೆಯ ಉಕ್ಕಿನಲ್ಲಿ ಗೆರೆ ಹುಟ್ಟುವುದು ಲೋಹದ ಒಳಗಿನಿಂದಲೇ. ಇವೆರಡನ್ನೂ ಒಂದೇ ಎಂದು ನಮ್ಮ ಮಕ್ಕಳಿಗೆ ಹೇಳಬಾರದು.

ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಶಸ್ತ್ರ ತಯಾರಿಕೆಯೂ ಇದೆ. ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವೂ ಇದೆ. ಅದು ಒಳ್ಳೆಯದು. ಆದರೆ ಮೂಸೆಯ ಉಕ್ಕು ಒಬ್ಬನ ಕೈಗೆ ನಿಲುಕುವುದಲ್ಲ, ಹತ್ತಾರು ಮೂಸೆಗಳು ಒಡೆದ ಮೇಲೆ ಉಕ್ಕಿನ ಒಂದು ಗಟ್ಟಿ ನಿಲ್ಲಬಹುದು, ಆ ನಷ್ಟವನ್ನು ಬಡ ಕಮ್ಮಾರ ಹೊರಲಾರ. ಆದ್ದರಿಂದ ದಸರಾ ವಸ್ತುಪ್ರದರ್ಶನದ ಆವರಣದಲ್ಲಿ ಒಂದು ಕಾಯಂ ಕುಲುಮೆಯನ್ನು ಸ್ಥಾಪಿಸಿ, ಎರಡೂ ಜಿಲ್ಲೆಗಳ ಹಿರಿಯ ಕಮ್ಮಾರರಿಗೆ ಗೌರವಧನ ಕೊಟ್ಟು ಕರೆಸಿ, ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳನ್ನು ಅವರ ಜೊತೆ ಕೂರಿಸಬೇಕೆಂದು ಸರ್ಕಾರವನ್ನು ಕೋರುತ್ತೇನೆ. ಅಲ್ಲಿ ಕತ್ತಿಯೇ ಆಗಬೇಕೆಂದಿಲ್ಲ. ಮೊದಲ ಗಟ್ಟಿಯಿಂದ ಒಂದು ಕುಡುಗೋಲನ್ನೋ ವೀಣೆಯ ಒಂದು ತಂತಿಯನ್ನೋ ಮಾಡಿದರೂ ಸಾಕು. ಒಡೆದ ಮೂಸೆಗಳ, ಕೆಟ್ಟ ಗಟ್ಟಿಗಳ ಲೆಕ್ಕವನ್ನೂ ಕನ್ನಡದಲ್ಲೇ ಬರೆದಿಡಬೇಕು.

ಇತಿ,
ನಿಮ್ಮ ಓದುಗ
ಮಂಡ್ಯ